ನಿತ್ಯ ಪ್ರಾರ್ಥನೆ: ವಾರದ ಉಳಿತಾಯದ ಹಾಗೆ



ಅತ್ತಾವರದ ಒಂದು ಸಂಘದ ಸಭೆ ಮುಗಿದಿತ್ತು. ಉಳಿತಾಯದ ಹಣ ಎಣಿಸಿ ಆಗಿತ್ತು, ನಿರ್ಣಯ ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಿ ಆಗಿತ್ತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿ ಹೊರಡುವಾಗ ಒಬ್ಬ ಸಹೋದರಿ ಮಾತ್ರ ಚಾಪೆ ಮಡಚುವ ನೆಪದಲ್ಲಿ ಹಿಂದೆ ಉಳಿದರು. ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುವವರು, ಒಂಬತ್ತು ವರ್ಷದಿಂದ ಸಂಘದಲ್ಲಿ ಇರುವವರು. ಅವರು ನಮಗೆ ಹೇಳಿದ ಮಾತು ಇದು:

"ಸಿಸ್ಟರ್, ಮೊನ್ನೆ ರಾತ್ರಿ ಮಗನ ವಿಷಯದಲ್ಲಿ ದೊಡ್ಡ ತೊಂದರೆ ಆಯ್ತು. ಅವನು ಮೊಬೈಲಿನ ಆ್ಯಪಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಸಾಲ ತೆಗೆದಿದ್ದ. ಅವರು ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದರು, ಮರ್ಯಾದೆ ತೆಗಿತೇವೆ ಅಂದರು. ನಾನು ಹೋಗಿ ಆಲ್ತಾರಿನ ಎದುರು ನಿಂತೆ. ಒಂದು ಪರಲೋಕ ಮಂತ್ರ ಸಹ ಬಾಯಿಗೆ ಬರ್ಲಿಲ್ಲ ಸಿಸ್ಟರ್. ಮಧ್ಯದಲ್ಲಿ ಮರೆತೇ ಹೋಯ್ತು. ಮನೆಯಲ್ಲಿ ತೇರ್ಸ್ ಬಿಟ್ಟು ಆರು ವರ್ಷ ಆಗಿದೆ. ಸಂಘದ ಉಳಿತಾಯ ನಾನು ಒಂದು ವಾರ ಸಹ ತಪ್ಪಿಸ್ಲಿಲ್ಲ. ಆದರೆ ದೇವರ ಹತ್ರ ಎಂತ ಉಳಿತಾಯ ಮಾಡಿದ್ದೇನೆ?"

ಆ ಪ್ರಶ್ನೆಗೆ ಆ ದಿನ ನಾವು ಸರಿಯಾದ ಉತ್ತರ ಕೊಡಲಿಲ್ಲ. ಮೊದಲು ಮಗನ ವಿಷಯ ವಿಚಾರಿಸಿದೆವು, ಮಾಡಬೇಕಾದದ್ದನ್ನು ಹೇಳಿದೆವು. ಆದರೆ ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಅದನ್ನೇ ಈ ತಿಂಗಳ ಪಾಠವಾಗಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ.

ವಿಶ್ವಾಸ ತಾನಾಗಿ ಉಳಿಯುತ್ತದೆಯೇ?

ವಿಶ್ವಾಸ ದೇವರ ವರದಾನ. ಅದನ್ನು ನಾವು ದುಡಿದು ಸಂಪಾದಿಸಿದ್ದಲ್ಲ. ಜ್ಞಾನಸ್ನಾನದಲ್ಲಿ ನಮಗೆ ಉಚಿತವಾಗಿ ಸಿಕ್ಕಿದ್ದು. ಆದರೆ ಸಿಕ್ಕಿದ ಗಿಡಕ್ಕೆ ನೀರು ಹಾಕುವುದು ಮನೆಯವರ ಕೆಲಸ. ಮಳೆಗಾಲದಲ್ಲಿ ನಮ್ಮ ಊರಿನ ಯಾವ ಗಿಡಕ್ಕೂ ನೀರು ಬೇಡ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಯಾವುದು ಉಳಿಯುತ್ತದೆ ಎಂಬುದೇ ಪ್ರಶ್ನೆ. ಬೇರು ಆಳಕ್ಕೆ ಹೋದದ್ದು ಉಳಿಯುತ್ತದೆ.

ನಿಯಮಿತವಾಗಿ ಮಾಡುವ ಸಣ್ಣ ಕೆಲಸದ ಬೆಲೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಬೇರೆ ಯಾರಿಗಿಂತಲೂ ನಿಮಗೆ ಅದು ಚೆನ್ನಾಗಿ ಗೊತ್ತುಂಟು. ನಬಾರ್ಡ್ 1992ರಲ್ಲಿ ದೇಶದಲ್ಲಿ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದಾಗ, ಬಡ ಹೆಂಗಸರು ವಾರಕ್ಕೆ ಕೆಲವು ರೂಪಾಯಿ ಹಾಕಿ ಏನಾಗುತ್ತದೆ ಎಂದು ನಕ್ಕವರಿದ್ದರು. ಇಂದು ಅಂಥ ಸಂಘಗಳು ಲಕ್ಷಗಟ್ಟಲೆ ಇವೆ. ಇದು ಒಮ್ಮೆಲೇ ಬಂದ ದೊಡ್ಡ ಮೊತ್ತದಿಂದ ಆದದ್ದಲ್ಲ. ಮಳೆ ಇರಲಿ, ಮದುವೆ ಇರಲಿ, ಆ ದಿನ ಆ ಹೊತ್ತಿಗೆ ಬಂದು ಕುಳಿತದ್ದರಿಂದ ಆಯಿತು.

ವಿಶ್ವಾಸವೂ ಹೀಗೆಯೇ. ವರ್ಷಕ್ಕೊಮ್ಮೆ ವೇಳಾಂಕಣ್ಣಿಗೆ ಹೋಗುವುದು ಒಳ್ಳೆಯದು. ಅತ್ತೂರಿನ ಹಬ್ಬಕ್ಕೆ ಹೋಗಿ ಮೊಂಬತ್ತಿ ಹಚ್ಚುವುದೂ ಒಳ್ಳೆಯದು. ಆದರೆ ವರ್ಷವಿಡೀ ಸಭೆಗೆ ಬಾರದೆ ವಾರ್ಷಿಕೋತ್ಸವಕ್ಕೆ ಮಾತ್ರ ಒಳ್ಳೆ ಸೀರೆ ಉಟ್ಟು ಬರುವ ಸದಸ್ಯೆಯನ್ನು ನಾವು ಏನೆನ್ನುತ್ತೇವೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ದೇವರು ಬ್ಯಾಂಕ್ ಅಲ್ಲ. "ನಾನು ಇಷ್ಟು ಜಪಸರ ಮಾಡಿದ್ದೇನೆ, ಇನ್ನು ನೀನು ನನ್ನ ಕೆಲಸ ಮಾಡಿಕೊಡು" ಎಂದು ಲೆಕ್ಕ ಕೇಳುವುದಕ್ಕೆ ಆಗುವುದಿಲ್ಲ. ಪ್ರಾರ್ಥನೆಯಿಂದ ದೇವರು ನಮಗೆ ಸಾಲಗಾರ ಆಗುವುದಿಲ್ಲ. ಹಾಗಾದರೆ ಉಳಿತಾಯ ಆಗುವುದು ಏನು? ಅವರ ಪರಿಚಯ. ದಿನಾ ಮಾತಾಡುವ ನೆರೆಮನೆಯವರ ಬಾಗಿಲನ್ನು ನಡುರಾತ್ರಿಯಲ್ಲಿಯೂ ಸಂಕೋಚ ಇಲ್ಲದೆ ತಟ್ಟುತ್ತೇವೆ. ಆರು ವರ್ಷದಿಂದ ಮಾತಾಡದ ಮನೆಯ ಬಾಗಿಲಲ್ಲಿ ಕೈ ತಡೆಯುತ್ತದೆ. ಆ ಮನೆಯವರು ಒಳ್ಳೆಯವರೇ, ಬಾಗಿಲು ತೆರೆಯಲಿಕ್ಕೂ ತಯಾರಿದ್ದಾರೆ. ಆದರೆ ನಮ್ಮ ಕೈ ಮುಂದೆ ಹೋಗುವುದಿಲ್ಲ. ಆ ಸಹೋದರಿಗೆ ಆ ರಾತ್ರಿ ಆದದ್ದು ಇದೇ.

ನಮ್ಮ ಹಿರಿಯರು ಉಳಿಸಿದ ರೀತಿ

ಅತ್ತಾವರದಿಂದ ಒಂದು ಕಡೆ ನಡೆದರೆ ಹಂಪನಕಟ್ಟೆಯ ಮಿಲಾಗ್ರಿಸ್, ಇನ್ನೊಂದು ಕಡೆ ರೊಸಾರಿಯೊ, ಮತ್ತೊಂದು ಕಡೆ ವೆಲೆನ್ಸಿಯ ಮತ್ತು ಜೆಪ್ಪು. ಇಷ್ಟು ಇಗರ್ಜಿಗಳ ನಡುವೆ ಬದುಕುವ ನಮಗೆ ಇಗರ್ಜಿಯೇ ಇಲ್ಲದ ಕಾಲ ಒಂದಿತ್ತು ಎಂಬುದು ಮರೆತು ಹೋಗುತ್ತದೆ. ಮಿಲಾಗ್ರಿಸ್ ಇಗರ್ಜಿ ಮೊದಲು ಕಟ್ಟಿದ್ದು 1680ರಲ್ಲಿ. 1784ರಲ್ಲಿ ಅದು ನೆಲಸಮವಾಯಿತು. ಆ ವರ್ಷ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಗುರುಗಳನ್ನು ಗಡೀಪಾರು ಮಾಡಲಾಯಿತು. ಸೆರೆ ಮುಗಿದದ್ದು 1799ರಲ್ಲಿ. ಹದಿನೈದು ವರ್ಷ!

ಇದನ್ನು ನಾವು ಯಾರ ಮೇಲೂ ಸಿಟ್ಟು ಹುಟ್ಟಿಸಲು ಹೇಳುತ್ತಿಲ್ಲ. ಅದು ರಾಜರ ಯುದ್ಧದ ಕಾಲ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಸಹೋದರಿಯರು ಒಂದೇ ಚಾಪೆಯಲ್ಲಿ ಕುಳಿತು ಒಂದೇ ಪೆಟ್ಟಿಗೆಗೆ ಹಣ ಹಾಕುತ್ತಾರೆ. ನಾವು ಕಲಿಯಬೇಕಾದ ಪಾಠ ಬೇರೆಯೇ ಇದೆ. ಇಗರ್ಜಿ ಇಲ್ಲ, ಗುರುಗಳಿಲ್ಲ, ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಹದಿನೈದು ವರ್ಷದಲ್ಲಿ ಹುಟ್ಟಿದ ಮಗು ಮೀಸೆ ಬರುವ ಹುಡುಗ ಆಗುತ್ತದೆ. ಆ ಮಗುವಿಗೆ ಶಿಲುಬೆಯ ಗುರುತು ಹಾಕಲು ಯಾರು ಕಲಿಸಿದರು? ಮನೆಯವರೇ ಕಲಿಸಬೇಕಿತ್ತು, ಅದೂ ಬಾಯಿಪಾಠ ಬರುತ್ತಿದ್ದ ಪ್ರಾರ್ಥನೆಗಳನ್ನೇ. ಪುಸ್ತಕ ಓದಲು ಬಾರದ ತಾಯಂದಿರು ಅದಕ್ಕೂ ಮೊದಲು ದಿನಾ ಹೇಳಿ ಹೇಳಿ ನಾಲಿಗೆಯ ಮೇಲೆ ಇಟ್ಟುಕೊಂಡದ್ದು ಕಷ್ಟಕಾಲಕ್ಕೆ ಉಳಿಯಿತು. ಹಿಂದಿರುಗಿ ಬಂದವರು ಇಗರ್ಜಿಗಳನ್ನು ಪುನಃ ಕಟ್ಟಿದರು. ಕಟ್ಟಡ ಬಿದ್ದರೂ ವಿಶ್ವಾಸ ಮನೆಯೊಳಗೆ ಇತ್ತು, ಆದ್ದರಿಂದ ಕಟ್ಟಡ ಪುನಃ ಎದ್ದಿತು.

ಇದು ಬರೇ ಹಳೆಯ ಕಥೆಯಲ್ಲ. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂದು ಇಗರ್ಜಿಗಳ ಬಾಗಿಲು ಮುಚ್ಚಿತು. ಆ ವರ್ಷದ ಪವಿತ್ರ ವಾರ, ಏಪ್ರಿಲ್ 12ರ ಪಾಸ್ಖ ಹಬ್ಬ, ಎಲ್ಲವನ್ನೂ ಮನೆಯಲ್ಲೇ ಕುಳಿತು ಆಚರಿಸಬೇಕಾಯಿತು. ಆಗ ನಾವು ಫೋನ್ ಮಾಡಿ ಮನೆಮನೆಯ ಸುದ್ದಿ ಕೇಳುತ್ತಿದ್ದೆವು. ಸಂಜೆಯ ಪ್ರಾರ್ಥನೆ ಇದ್ದ ಮನೆಯವರು, "ಇಗರ್ಜಿ ಇಲ್ಲ ಅಂತ ಬೇಜಾರು ಉಂಟು, ಆದ್ರೆ ತೇರ್ಸ್ ನಡಿತಾ ಉಂಟು ಸಿಸ್ಟರ್" ಎನ್ನುತ್ತಿದ್ದರು. ಪ್ರಾರ್ಥನೆ ಇಲ್ಲದ ಮನೆಯವರು, "ಎಂತ ಮಾಡುದು ಅಂತಲೇ ಗೊತ್ತಾಗುದಿಲ್ಲ" ಎನ್ನುತ್ತಿದ್ದರು.

ತೇರ್ಸ್ ಅಂದರೆ ಏನು?

ನಮ್ಮ ಸಂಘದ ಬೇರೆ ಸಹೋದರಿಯರಿಗೆ ಗೊತ್ತಿರಲಿ ಎಂದು ಹೇಳುತ್ತೇವೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಸಂಜೆ ಇಗರ್ಜಿಯ ಗಂಟೆ ಆದ ನಂತರ ಮನೆಯವರೆಲ್ಲ ಆಲ್ತಾರಿನ ಎದುರು ಸೇರಿ ಜಪಸರ ಹೇಳುವ ಕ್ರಮಕ್ಕೆ ತೇರ್ಸ್ ಎನ್ನುತ್ತಾರೆ. ಪ್ರತಿ ಹತ್ತು ಮಣಿಗೆ ಯೇಸುಸ್ವಾಮಿಯ ಅಥವಾ ಮರಿಯಮ್ಮನವರ ಜೀವನದ ಒಂದು ರಹಸ್ಯವನ್ನು ಧ್ಯಾನಿಸುತ್ತಾರೆ. ಐದು ಹತ್ತು ಮಣಿಗಳಿಗೆ ಒಂದು ಸುತ್ತು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 2002ರ ಅಕ್ಟೋಬರಿನಲ್ಲಿ ಬೆಳಕಿನ ರಹಸ್ಯಗಳನ್ನೂ ಸೇರಿಸಿದರು.

ತೇರ್ಸ್ ಮುಗಿದ ಮೇಲೆ ನಡೆಯುವುದು ನಮಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಅಜ್ಜ, ಅಜ್ಜಿ, ತಂದೆ, ತಾಯಿ ಹೀಗೆ ಒಬ್ಬೊಬ್ಬರ ಎದುರು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ. ಹಗಲು ಜಗಳ ಆಡಿದ ಮಗ ಸಂಜೆ ತಾಯಿಯ ಎದುರು ತಲೆ ತಗ್ಗಿಸಲೇಬೇಕು. ಬೈದ ತಾಯಿ ಮಗನ ಹಣೆಗೆ ಶಿಲುಬೆ ಗುರುತು ಹಾಕಲೇಬೇಕು. ಸಿಟ್ಟು ಎರಡನೆಯ ದಿನಕ್ಕೆ ಹೋಗಲು ಜಾಗವೇ ಇರಲಿಲ್ಲ. ಇದಕ್ಕೆ ಹಣ ಬೇಡ, ಓದು ಬೇಡ.

ಹಾಗೆಯೇ ಮೊಂತಿ ಫೆಸ್ತ್. ಫರಂಗಿಪೇಟೆಯಲ್ಲಿ ಫಾದರ್ ಜೊವಾಕಿಮ್ ಮಿರಾಂದರು 1763ರಲ್ಲಿ ಆರಂಭಿಸಿದರೆಂದು ಹೇಳುವ ಈ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ತೋಟ, ಬೇಲಿ ಎಲ್ಲ ಸುತ್ತಿ ಹೂ ಕೊಯ್ದು ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಆಶೀರ್ವದಿಸಿ ಮನೆಗೆ ತಂದು ಎಲ್ಲರೂ ಒಟ್ಟಿಗೆ ಊಟ ಮಾಡುತ್ತಾರೆ. ಮಗುವಿಗೆ ನಾವು ವಿಶ್ವಾಸದ ಮೇಲೆ ಭಾಷಣ ಮಾಡಲಿಲ್ಲ. ಒಂಬತ್ತು ದಿನ ಹೂ ಕೊಯ್ಯಲು ಕಳುಹಿಸಿದೆವು. ಆ ಮಗು ಮುದುಕಿಯಾದರೂ ಅದನ್ನು ಮರೆಯುವುದಿಲ್ಲ.

ಇಂದು ಅಡ್ಡ ಬರುವುದೇನು?

"ಮನಸ್ಸುಂಟು ಸಿಸ್ಟರ್, ಪುರ್ಸೊತ್ತಿಲ್ಲ." ಇದು ನಾವು ಹೆಚ್ಚಾಗಿ ಕೇಳುವ ಮಾತು. ಇದು ಸುಳ್ಳಲ್ಲ. ಅತ್ತಾವರದಲ್ಲಿ ಆಸ್ಪತ್ರೆ, ಅಂಗಡಿ, ರೈಲು ನಿಲ್ದಾಣ ಎಲ್ಲ ಹತ್ತಿರ. ಬೆಳಗ್ಗಿನ ಡ್ಯೂಟಿಗೆ ಹೋಗುವವರು ಒಬ್ಬರು, ರಾತ್ರಿ ಡ್ಯೂಟಿಗೆ ಹೋಗುವವರು ಇನ್ನೊಬ್ಬರು. ಸಂಜೆ ಏಳು ಗಂಟೆಗೆ ನಾಲ್ಕು ಫ್ಲ್ಯಾಟಿನ ಪಾತ್ರೆ ತೊಳೆಯುತ್ತಿರುವ ಸಹೋದರಿಗೆ, "ಗಂಟೆ ಆಯಿತು, ಮನೆಗೆ ಹೋಗಿ ತೇರ್ಸ್ ಹೇಳಿ" ಎಂದರೆ ಅದು ಕರುಣೆ ಇಲ್ಲದ ಉಪದೇಶ. ಹಳೆಯ ಕಾಲದ ಹೊತ್ತು ಇವತ್ತಿಗೆ ಹೊಂದುವುದಿಲ್ಲ.

ಯೇಸುಸ್ವಾಮಿ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸಲು ಹೇಳಿದರು (ಮತ್ತಾಯ 6:6). ಒಂದೇ ಕೋಣೆಯಲ್ಲಿ ಐದು ಜನ ಇರುವ ಬಾಡಿಗೆ ಮನೆಯಲ್ಲಿ ಮುಚ್ಚುವುದಕ್ಕೆ ಬಾಗಿಲು ಎಲ್ಲಿದೆ? ಅಂಥವರಿಗೆ ನಾವು ಹೇಳುವುದು: ಟಿವಿಯ ಬಾಗಿಲು ಮುಚ್ಚಿ, ಮೊಬೈಲಿನ ಬಾಗಿಲು ಮುಚ್ಚಿ. ಐದು ನಿಮಿಷ ಸಾಕು. ಮೊಬೈಲನ್ನು ನಾವು ಬೈಯುತ್ತಿಲ್ಲ. ಊರು ಬಿಟ್ಟು ದುಬೈಯಲ್ಲಿ, ಕುವೈಟಿನಲ್ಲಿ ಇರುವ ಗಂಡನೋ ಮಗನೋ ವಿಡಿಯೋ ಕಾಲಿನಲ್ಲಿ ತೇರ್ಸಿಗೆ ಸೇರುವ ಮನೆಗಳನ್ನೂ ನಾವು ನೋಡಿದ್ದೇವೆ. ಆದರೆ ಐದು ಜನ ಐದು ಮೂಲೆಯಲ್ಲಿ ಐದು ಮೊಬೈಲ್ ಹಿಡಿದು ಕುಳಿತರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ?

ಸಂಘದ ಪಂಚಸೂತ್ರ, ಮನೆಯ ಪಂಚಸೂತ್ರ

ಸಂಘದ ಪಂಚಸೂತ್ರ ನಿಮಗೆಲ್ಲ ಬಾಯಿಪಾಠ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಇದೇ ಐದನ್ನು ವಿಶ್ವಾಸದ ಬದುಕಿಗೂ ಹಿಡಿದು ನೋಡೋಣ.

1. ನಿಯಮಿತ ಸಭೆ. ಮೊದಲ ಕ್ರೈಸ್ತರು ನಾಲ್ಕು ಸಂಗತಿಗಳನ್ನು ಬಿಡದೆ ಮಾಡುತ್ತಿದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ (2:42) ಓದುತ್ತೇವೆ: ಪ್ರೇಷಿತರ ಬೋಧನೆ, ಸಹೋದರ ಬಾಳ್ವೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ನಾಲ್ಕೂ ಒಟ್ಟು ಸೇರಿ ಮಾಡಿದಂಥವು. ಆದ್ದರಿಂದ ಭಾನುವಾರದ ಬಲಿಪೂಜೆಯನ್ನು ಸಂಘದ ಸಭೆಯ ಹಾಗೆ ನೋಡಿ. ಬಿಡುವಿದ್ದರೆ ಹೋಗುವುದಲ್ಲ, ಬಿಡುವು ಮಾಡಿ ಹೋಗುವುದು. ಭಾನುವಾರ ಬೆಳಗ್ಗೆ ಡ್ಯೂಟಿ ಇದ್ದರೆ ಶನಿವಾರ ಸಂಜೆಯ ಪೂಜೆಗೆ ಹೋಗಬಹುದು. ವಾಳೆಯ ಸಭೆ ಇದ್ದರೆ ಅದಕ್ಕೂ ಹೋಗಿ.

2. ನಿಯಮಿತ ಉಳಿತಾಯ. ದಿನಕ್ಕೆ ಐದು ನಿಮಿಷ. ಇಡೀ ಜಪಸರ ಆಗದಿದ್ದರೆ ಹತ್ತು ಮಣಿ ಸಾಕು. ಆದರೆ ಹೊತ್ತು ಒಂದೇ ಇರಲಿ, ಜಾಗ ಒಂದೇ ಇರಲಿ. ಮೊದಲ ದಿನವೇ ಒಂದು ಗಂಟೆ ಪ್ರಾರ್ಥಿಸಿ ಎರಡನೆಯ ವಾರಕ್ಕೆ ಬಿಡುವುದಕ್ಕಿಂತ ಸಣ್ಣದು ಹಿಡಿದು ಉಳಿಸಿಕೊಳ್ಳುವುದು ಒಳ್ಳೆಯದು. ಅಕ್ಕಿ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಒಂದು ನಮೋ ಮರಿಯ ಹೇಳಿದರೆ ಅದೂ ಪೆಟ್ಟಿಗೆಗೆ ಬಿತ್ತು. ವಾರಕ್ಕೊಮ್ಮೆ ಶುಭಸಂದೇಶದ ಹತ್ತು ಸಾಲು ಗಟ್ಟಿಯಾಗಿ ಓದಿ. ಓದಲು ಬಾರದವರು ಮಕ್ಕಳಿಂದ ಓದಿಸಿ. ಓದಿದ ಮಗುವಿಗೂ ಪ್ರಯೋಜನ.

3. ಆಂತರಿಕ ಸಾಲ. ಸಂಘದ ಹಣ ಪೆಟ್ಟಿಗೆಯಲ್ಲೇ ಇದ್ದರೆ ಬೆಳೆಯುವುದಿಲ್ಲ, ಕಷ್ಟದಲ್ಲಿರುವ ಸದಸ್ಯೆಗೆ ಹೋಗಬೇಕು. ಹಾಗೆಯೇ ನಮ್ಮ ಪ್ರಾರ್ಥನೆ ಬರೇ ನಮ್ಮ ಮನೆಗೆ ಎಂದು ಇದ್ದರೆ ಸಾಲದು. ದಿನಕ್ಕೊಬ್ಬರ ಹೆಸರು ಹಿಡಿದು ಪ್ರಾರ್ಥಿಸಿ. ಹೆಸರು ಹಿಡಿದ ಮೇಲೆ ಕಾಲೂ ಆ ಮನೆಯ ಕಡೆಗೆ ಹೋಗುತ್ತದೆ. ಬಟ್ಟೆ, ಊಟ ಇಲ್ಲದವರಿಗೆ ಏನೂ ಕೊಡದೆ ಸುಖವಾಗಿರಿ ಎಂದು ಹೇಳಿ ಕಳುಹಿಸಿದರೆ ಏನು ಪ್ರಯೋಜನ ಎಂದು ಯಕೋಬರ ಪತ್ರ (2:14-17) ನಮ್ಮನ್ನು ಕೇಳುತ್ತದೆ.

4. ಸಕಾಲದ ಮರುಪಾವತಿ. ಮುನಿಸು, ಹೊಟ್ಟೆಕಿಚ್ಚು, ಆಡಿದ ಕೆಟ್ಟ ಮಾತು ಇವೆಲ್ಲ ಸಾಲ. ಇಟ್ಟಷ್ಟು ದಿನ ಬಡ್ಡಿ ಏರುತ್ತದೆ. ಕಾಣಿಕೆಯನ್ನು ಪೀಠದ ಎದುರು ಬಿಟ್ಟು ಮೊದಲು ಹೋಗಿ ರಾಜಿಯಾಗಲು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:23-24). ಒಂದು ಕಂತು ತಪ್ಪಿದಾಗಲೇ ಬಂದು ಹೇಳಿದ ಸದಸ್ಯೆಗೆ ಸಂಘ ದಾರಿ ತೋರಿಸುತ್ತದೆ, ಅಡಗಿ ಕುಳಿತವಳಿಗೇ ಕಷ್ಟ. ಪಾಪನಿವೇದನೆಯೂ ಹಾಗೆ. ವರ್ಷಕ್ಕೊಮ್ಮೆ ಮಾಡುವವರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮಾಡಿ ನೋಡಿ, ಮನಸ್ಸು ಹಗುರ ಆಗುತ್ತದೆ.

5. ಪುಸ್ತಕ ನಿರ್ವಹಣೆ. ರಾತ್ರಿ ಮಲಗುವ ಮುಂಚೆ ದಿನದ ಲೆಕ್ಕ ನೋಡುವುದು. ಸಂತ ಇಗ್ನಾಸಿಯವರು ಇದನ್ನು ತಮ್ಮ ಯೇಸುಸಭೆಯವರಿಗೆ ಕಡ್ಡಾಯವಾಗಿ ಕಲಿಸಿದರು. 1880ರಲ್ಲಿ ನಮ್ಮ ಊರಿನ ಅಲೋಶಿಯಸ್ ಕಾಲೇಜನ್ನು ಶುರು ಮಾಡಿದ್ದು ಅದೇ ಸಭೆ. ನಾಲ್ಕು ಪ್ರಶ್ನೆ ಸಾಕು: ಇವತ್ತು ದೇವರು ನನಗೆ ಕೊಟ್ಟದ್ದು ಏನು? ನಾನು ಎಲ್ಲಿ ತಪ್ಪಿದೆ? ಯಾರನ್ನು ನೋಯಿಸಿದೆ? ನಾಳೆ ಏನು ಸರಿ ಮಾಡಬೇಕು? ಜಮಾ ಕಡೆಯನ್ನು ಮೊದಲು ಬರೆಯಿರಿ. ನಮ್ಮ ಹೆಂಗಸರಿಗೆ ಖರ್ಚಿನ ಕಡೆ ಮಾತ್ರ ನೋಡಿ ಅಳುವ ಅಭ್ಯಾಸ ಉಂಟು.

ಮನಸ್ಸು ಬಾರದ ದಿನ ಏನು ಮಾಡುವುದು?

"ಜಪಸರ ಹಿಡಿದರೆ ನಿದ್ದೆ ಬರ್ತದೆ ಸಿಸ್ಟರ್. ಬಾಯಲ್ಲಿ ನಮೋ ಮರಿಯ, ತಲೆಯಲ್ಲಿ ನಾಳೆಯ ಸಾಂಬಾರು." ಇದಕ್ಕೆ ಯಾರೂ ನಾಚಿಕೊಳ್ಳಬೇಡಿ. ಲಿಸ್ಯೂವಿನ ಸಂತ ತೆರೇಸಾ ಕಾರ್ಮೆಲ್ ಮಠದ ಕನ್ಯಾಸ್ತ್ರೀ. 1897ರಲ್ಲಿ, 24ನೆಯ ವಯಸ್ಸಿನಲ್ಲಿ ತೀರಿಕೊಂಡವರು. ಪ್ರಾರ್ಥನೆಯ ಹೊತ್ತಿನಲ್ಲಿ ತನಗೆ ನಿದ್ದೆ ಬರುತ್ತಿತ್ತೆಂದು ಅವರೇ ಬರೆದಿದ್ದಾರೆ. ಮಗು ಎಚ್ಚರವಿರಲಿ, ಮಲಗಿರಲಿ, ತಂದೆ ತಾಯಿಗೆ ಅದರ ಮೇಲೆ ಪ್ರೀತಿ ಕಡಿಮೆಯಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡರು. ನೈಟ್ ಡ್ಯೂಟಿ ಮಾಡಿ ಬಂದು ಮಣಿ ಹಿಡಿದಲ್ಲೇ ತೂಕಡಿಸಿದ ತಾಯಿಯನ್ನು ದೇವರು ಬೈಯುತ್ತಾರೆಂದು ನಮಗೆ ಅನಿಸುವುದಿಲ್ಲ.

ಇನ್ನೊಂದು ಕಷ್ಟ ನಿದ್ದೆಗಿಂತ ದೊಡ್ಡದು. ವರ್ಷಗಟ್ಟಲೆ ಪ್ರಾರ್ಥಿಸಿದರೂ ದೇವರು ಇದ್ದಾರೆ ಎಂದು ಅನಿಸದೆ ಇರುವುದು. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷದ ನಂತರ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಜಗತ್ತಿಗೆ ಆಶ್ಚರ್ಯವಾಯಿತು. ಸುಮಾರು 50 ವರ್ಷ ಅವರು ಒಳಗೊಳಗೆ ಕತ್ತಲೆಯನ್ನೇ ಅನುಭವಿಸಿದ್ದರು. ಆದರೂ ಬೆಳಗ್ಗೆ ಎದ್ದು ಪ್ರಾರ್ಥನೆಗೆ ಕುಳಿತರು, ಬಲಿಪೂಜೆಗೆ ಹೋದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿದರು. 2016ರಲ್ಲಿ ಶ್ರೀಸಭೆ ಅವರನ್ನು ಸಂತರೆಂದು ಘೋಷಿಸಿತು.

ಆದ್ದರಿಂದ ಮನಸ್ಸಿಗೆ ಹಿತ ಅನಿಸಿದರೆ ಮಾತ್ರ ಪ್ರಾರ್ಥನೆ ಎಂದು ತಿಳಿಯಬೇಡಿ. ಕಾಯಿಲೆ ಬಿದ್ದ ಅತ್ತೆಗೆ ದಿನಾ ಗಂಜಿ ಕೊಡುವವಳಿಗೆ ಪ್ರತಿದಿನ ಪ್ರೀತಿ ಉಕ್ಕುವುದಿಲ್ಲ. ಆದರೂ ಗಂಜಿ ಕೊಡುತ್ತಾಳೆ. ಪ್ರೀತಿ ಇರುವುದು ಆ ಗಂಜಿಯಲ್ಲೇ. ಮಗುವನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು ನಮ್ಮಲ್ಲಿದ್ದಾರೆ. ಅವರಿಗೆ, "ಪ್ರಾರ್ಥನೆ ಮಾಡಿ, ಎಲ್ಲ ಸರಿಯಾಗ್ತದೆ" ಎಂದು ಹೇಳಲು ಅವಸರ ಮಾಡಬೇಡಿ. ಹತ್ತಿರ ಕುಳಿತುಕೊಳ್ಳಿ. ಅವರ ಬಾಯಿಗೆ ಬಾರದ ಪ್ರಾರ್ಥನೆಯನ್ನು ಸ್ವಲ್ಪ ದಿನ ಅವರ ಪರವಾಗಿ ನೀವು ಹೇಳಿ.

ಪ್ರಾರ್ಥನೆ ಮತ್ತು ಪ್ರಯತ್ನ

ಲೂಕರ ಶುಭಸಂದೇಶದಲ್ಲಿ (18:1-8) ಒಬ್ಬ ವಿಧವೆಯ ಸಾಮತಿ ಇದೆ. ಬಿಡದೆ ಪ್ರಾರ್ಥಿಸಬೇಕು ಎಂದು ಕಲಿಸಲು ಯೇಸುಸ್ವಾಮಿ ಇದನ್ನು ಹೇಳಿದರು. ಅವರು ಯಾರ ಉದಾಹರಣೆ ಕೊಟ್ಟರು ನೋಡಿ: ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದ ಹೆಂಗಸಿನದ್ದು. ಆಕೆ ಸುಮ್ಮನೆ ಮೂಲೆಯಲ್ಲಿ ಕುಳಿತು ಅಳಲಿಲ್ಲ. ಹಾಗಾದರೆ ನಿಜವಾದ ಪ್ರಾರ್ಥನೆ ನಮಗೆ ಎದ್ದು ಹೋಗುವ ಧೈರ್ಯ ಕೊಡಬೇಕು.

ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಕುಡಿದು ಬಂದು ಹೊಡೆಯುವ ಗಂಡನಿಗಾಗಿ ಪ್ರಾರ್ಥಿಸಿ, ಆದರೆ ಹೊಡೆತ ತಿನ್ನುವುದೇ ನಿಮ್ಮ ಶಿಲುಬೆ ಎಂದು ತಿಳಿಯಬೇಡಿ. ದೇವರು ಹಾಗೆ ಹೇಳಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ನಿಮ್ಮ ರಕ್ಷಣೆಗೆ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಸಂಘದ ಪ್ರತಿನಿಧಿಗೆ ಹೇಳಿ, ನಮಗೆ ಹೇಳಿ, ನಾವು ಜೊತೆಗೆ ಬರುತ್ತೇವೆ. ಕಾಯಿಲೆಗೆ ಪ್ರಾರ್ಥನೆಯೂ ಬೇಕು, ಡಾಕ್ಟರರ ಔಷಧಿಯೂ ಬೇಕು. ಪ್ರಾರ್ಥನೆ ಮಾಡಿಸಿದ್ದೇವೆ ಎಂದು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ.

ಆ ಮನೆಯಲ್ಲಿ ಮುಂದೆ ಏನಾಯಿತು?

ಮೊದಲು ಹೇಳಿದ ಸಹೋದರಿಯ ಮನೆಯ ವಿಷಯ ಕೇಳಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು. ಸಂಘದ ಇಬ್ಬರು ಸದಸ್ಯೆಯರು ಪೊಲೀಸ್ ಠಾಣೆಗೆ ಜೊತೆಗೆ ಹೋದರು.

ಅದೇ ವಾರ ಅವರು ಮನೆಯಲ್ಲಿ ಹತ್ತು ಮಣಿ ಶುರು ಮಾಡಿದರು. ಏಳು ಗಂಟೆಗೆ ಆಗುವುದಿಲ್ಲ, ಡ್ಯೂಟಿಗೆ ಹೊರಡುವ ಮುಂಚೆ ಎಂಟೂವರೆಗೆ. ಗಂಡ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಮಗ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಮಗಳು ಮಾತ್ರ ಉತ್ತರ ಹೇಳುತ್ತಿದ್ದಳು. ತಾಯಿ ಪ್ರತಿದಿನ ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಇವತ್ತು ಯಾರಿಗೆ ಎಂತ ಬೇಡ್ಬೇಕು?" ಮೂರು ವಾರ ಮಗ, "ಎಂತ ಇಲ್ಲ" ಅಂದ. ನಾಲ್ಕನೆಯ ವಾರ ಒಂದು ದಿನ, "ಅಮ್ಮ, ಇನ್ನೊಂದು ಸಾಲ ಉಂಟು, ನಾನು ಹೇಳ್ಲಿಲ್ಲ" ಎಂದು ಅಲ್ಲೇ ಕುಸಿದು ಕುಳಿತ. ಆ ದಿನ ತಾಯಿ ಬೈಯಲಿಲ್ಲ. ಬಹಳ ವರ್ಷದ ಮೇಲೆ ಅವನ ಹಣೆಗೆ ಶಿಲುಬೆ ಗುರುತು ಹಾಕಿದರು.

ಯಾವ ಅದ್ಭುತವೂ ನಡೆಯಲಿಲ್ಲ. ಸಾಲ ಮಾಯವಾಗಲಿಲ್ಲ. ಒಬ್ಬ ಗೆಳೆಯನಿಂದ ತೆಗೆದ ಆ ಎರಡನೆಯ ಸಾಲಕ್ಕೆ ಸಂಘದಿಂದ ಆಂತರಿಕ ಸಾಲ ಪಡೆದು ತೀರಿಸಿದರು. ಮಗ ರಜೆಯಲ್ಲಿ ಅಂಗಡಿ ಕೆಲಸಕ್ಕೆ ಹೋಗಿ ಕಂತು ಕಟ್ಟುತ್ತಿದ್ದಾನೆ. ಗಂಡ ಈಗಲೂ ಕೆಲವು ದಿನ ಕುಡಿದು ಬರುತ್ತಾರೆ. ಆದರೆ ಒಳಗೆ ಹತ್ತನೆಯ ಮಣಿ ಮುಗಿಯುವಾಗ ಹೊರಗಿನ ಮೆಟ್ಟಿಲಿನಿಂದಲೂ ಒಂದು ಸ್ವರ ಸೇರುತ್ತದೆಯಂತೆ. "ಒಳಗೆ ಬರುದಿಲ್ಲ ಸಿಸ್ಟರ್, ಆದ್ರೆ ಆಮೆನ್ ಹೇಳ್ತಾರೆ" ಎಂದು ಅವರು ನಗುತ್ತಾ ಹೇಳಿದರು.

ಹೇಳಲಾಗದೆ ಒಳಗೆ ಇದ್ದದ್ದನ್ನು ಹೇಳಲು ಒಂದು ಹೊತ್ತು, ಒಂದು ಜಾಗ ಆ ಮನೆಗೆ ಸಿಕ್ಕಿತು. ಆ ಮಗ ಮೂರು ವಾರ "ಎಂತ ಇಲ್ಲ" ಎಂದಾಗ ತಾಯಿ ಬಿಟ್ಟುಬಿಟ್ಟಿದ್ದರೆ ನಾಲ್ಕನೆಯ ವಾರ ಬರುತ್ತಲೇ ಇರಲಿಲ್ಲ.

ಇತರ ಧರ್ಮದ ಸಹೋದರಿಯರಿಗೆ

ಈ ಪಾಠ ಕ್ರೈಸ್ತ ವಿಶ್ವಾಸದ ಬಗ್ಗೆ ಇದೆ. ಆದರೆ ಸಂಜೆ ದೀಪ ಹಚ್ಚಿ ಭಜನೆ ಮಾಡುವ ಮನೆ, ಹೊತ್ತಿಗೆ ಸರಿಯಾಗಿ ನಮಾಜು ಮಾಡುವ ಮನೆ ನಮ್ಮ ಸಂಘಗಳಲ್ಲಿವೆ. ಐದು ಹೊತ್ತಿನ ಶಿಸ್ತನ್ನು ನಾವು ನಮ್ಮ ಬ್ಯಾರಿ ಸಹೋದರಿಯರಿಂದ ಕಲಿಯಬೇಕು. ನಿಮ್ಮ ಮನೆಯ ಕ್ರಮವನ್ನು ನೀವು ಬಿಡಬೇಡಿ. ಮನೆಯವರೆಲ್ಲ ದಿನಕ್ಕೊಮ್ಮೆ ಒಟ್ಟಿಗೆ ಕುಳಿತುಕೊಳ್ಳುವುದು ಎಲ್ಲರಿಗೂ ಬೇಕು.

ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಬಾಲ್ಯದಲ್ಲಿ ಮನೆಯ ಸಂಜೆಯ ಪ್ರಾರ್ಥನೆ ಹೇಗಿತ್ತು? ಈಗ ಹೇಗಿದೆ? ಬದಲಾಗಲು ಕಾರಣವೇನು?
2. ನಿಮ್ಮ ಮನೆಯವರೆಲ್ಲ ಒಟ್ಟಿಗೆ ಇರುವ ಐದು ನಿಮಿಷ ದಿನದ ಯಾವ ಹೊತ್ತಿಗೆ ಸಿಗುತ್ತದೆ?
3. ಪಂಚಸೂತ್ರದಲ್ಲಿ ನಿಮಗೆ ಕಷ್ಟವಾದದ್ದು ಯಾವುದು?
4. ಪ್ರಾರ್ಥನೆಯ ಜೊತೆಗೆ ನಾವು ಎದ್ದು ಹೋಗಿ ಮಾಡಬೇಕಾದ ಕೆಲಸ ನಮ್ಮ ಪರಿಸರದಲ್ಲಿ ಏನಿದೆ?

ಈ ತಿಂಗಳ ನಿರ್ಧಾರ

ಪ್ರತಿಯೊಬ್ಬ ಸದಸ್ಯೆ ಒಂದು ಹೊತ್ತು ನಿಶ್ಚಯಿಸಿ ನಾಲ್ಕು ವಾರ ಬಿಡದೆ ಪಾಲಿಸೋಣ. ಒಂದು ದಿನ ತಪ್ಪಿದರೆ ದಂಡ ಇಲ್ಲ, ಮರುದಿನ ಪುನಃ ಕುಳಿತರೆ ಆಯಿತು. ಮುಂದಿನ ತಿಂಗಳ ಸಭೆಯಲ್ಲಿ ಯಾರಿಗೆ ಎಷ್ಟು ದಿನ ಆಯಿತು ಎಂದು ಎಣಿಸುವುದು ಬೇಡ. ಮನೆಯಲ್ಲಿ ಯಾರ ಯಾವ ಮಾತು ಹೊಸದಾಗಿ ಕೇಳಿಸಿತು ಎಂದು ಹಂಚಿಕೊಳ್ಳೋಣ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.